ಹೂವಿನ ಕಾಲದಲ್ಲಿ ಹೊಡೆಸಿದ ಔಷಧಿ

ಪ್ಯಾರೂ, ನಿನ್ನ ಜೇನನ್ನು ಕೊಂದವನು ನಾನು. ಕಾಲ ಕೆಟ್ಟು ಅವು ಹಾರಿಹೋದವು ಎಂದು ನೀನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೀಯ — ಹಾಗೆ ನಂಬಿಸಿದವನೂ ನಾನೇ.

ನಾವಿಬ್ಬರೂ ಈಗ ಸುಖವಾಗಿಯೇ ಇದ್ದೇವೆ. ಬೆಳಿಗ್ಗೆ ನೀನು ಬೇಲಿಯ ಆ ಕಡೆ ನಿಂತು ಕೆಮ್ಮುತ್ತೀಯ, ನಾನು ಈ ಕಡೆ ಗೊಣಗುತ್ತ ಎದ್ದು ಬರುತ್ತೇನೆ. ಬೈರಕೂರಿನ ಹೋಟೆಲಿನಲ್ಲಿ ಒಂದು ಟೀ ತರಿಸಿ ಇಬ್ಬರೂ ಹಂಚಿಕೊಂಡು, ಯಾರ ಲೋಟದಲ್ಲಿ ಜಾಸ್ತಿ ಎಂದು ಜಗಳವಾಡುತ್ತೇವೆ. ಶಾನುಭೋಗರ ಮನೆಯವನಿಗೂ ಸಾಬರ ಮನೆಯವನಿಗೂ ಅದೆಂಥ ದೋಸ್ತಿ ಎಂದು ಆಡಿಕೊಳ್ಳುತ್ತಿದ್ದ ಊರು, ಈಗ ನಾನು ಕಾಣದಿದ್ದರೆ ನಿನ್ನನ್ನು ಕೇಳುತ್ತದೆ. ಇಷ್ಟು ತಣ್ಣಗಿರುವಾಗ ಹಳೆಯದನ್ನು ಕೆದಕುವುದೇಕೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಇದ್ದಾಗ ಹೇಳಲಿಲ್ಲ. ನೆಮ್ಮದಿಯಾಗಿರುವಾಗಲೂ ಹೇಳದಿದ್ದರೆ — ಇನ್ನು ಯಾವಾಗ?

ತೊಂಬತ್ತರ ದಶಕದ ನಡುವಿನ ಆ ವರ್ಷ ನಿನಗೂ ನೆನಪಿದೆ. ಸಂಕ್ರಾಂತಿ ಕಳೆದರೂ ಚಳಿಯ ಸುಳಿವಿಲ್ಲ. ಆಕಾಶದ ತುಂಬ ಮೋಡ, ಕೆಳಗೆ ಧಗೆ. ಕಂಬಳಿ ಮಡಿಸಿಟ್ಟಲ್ಲೇ ಉಳಿಯಿತು. ಮಾವು ಮಾತ್ರ ಮೈತುಂಬ ಹೂ ಬಿಟ್ಟಿತ್ತು. ಬೆಚ್ಚಗಿನ ಹವೆ ಸಿಕ್ಕಿದ್ದೇ ಜಿಗಿಹುಳುವೂ ಹೆಚ್ಚಿತು. ಮರದ ಕೆಳಗೆ ಹೋದರೆ ಚಿಟಪಟ ಎಂದು ಮುಖಕ್ಕೆ ಹಾರುತ್ತಿದ್ದವು. ಅವು ರಸ ಹೀರಿ ಹೂಗೊಂಚಲು ಕಪ್ಪಾಗುವುದನ್ನು ನೋಡಿ ನನಗೆ ನಿದ್ದೆ ಹತ್ತಲಿಲ್ಲ.

ನಮ್ಮಿಬ್ಬರಲ್ಲಿ ಒಂದು ಮಾತಿತ್ತಲ್ಲ. ನಿನ್ನ ಜೇನುಪೆಟ್ಟಿಗೆಗಳು ನನ್ನ ಬೇಲಿಗೆ ಅಂಟಿಕೊಂಡಂತೆ, ನಿಮ್ಮಮ್ಮಿ ನೆಟ್ಟ ಹುಳಿಮಾವಿನ ಮರದ ಕೆಳಗಿದ್ದವು. ನಾನು ಔಷಧಿ ಹೊಡೆಸುವುದಾದರೆ ಹಿಂದಿನ ಸಂಜೆಯೇ ನಿನಗೆ ಹೇಳಬೇಕು, ಹುಳುಗಳು ಗೂಡು ಸೇರಿದ ಮೇಲೆ ನೀನು ಪೆಟ್ಟಿಗೆಗೆ ಒದ್ದೆ ಗೋಣಿ ಮುಚ್ಚಬೇಕು. ಹೂ ಪೂರ್ತಿ ಅರಳಿದ್ದಾಗಲಂತೂ ಹೊಡೆಸಲೇಬಾರದು. "ನಿನ್ ತೋಟಕ್ಕೆ ನನ್ ಹುಳಾನೇ ಪೂಜಾರಿ ಕಣ್ಲಾ. ದಕ್ಷಿಣೆ ಇಲ್ದೆ ಪುಕ್ಸಟ್ಟೆ ದುಡೀತವೆ, ಹುಷಾರಾಗಿ ನೋಡ್ಕೋ" ಎಂದು ನೀನು ಛೇಡಿಸುತ್ತಿದ್ದೆ. ನಾನೂ ನಕ್ಕು ಒಪ್ಪಿಕೊಂಡಿದ್ದೆ.

ನೀನು ಮನೆಯವರನ್ನೆಲ್ಲ ಕರೆದುಕೊಂಡು ಮುಳಬಾಗಿಲಿನ ದರ್ಗಾಕ್ಕೆ ಹೋಗಿದ್ದ ದಿನ ಶ್ರೀನಿವಾಸಪುರದಿಂದ ಔಷಧಿ ಹೊಡೆಯುವ ಮಿಷನ್ನಿನವನು ಹೇಳದೆ ಕೇಳದೆ ಬಂದ. "ಇವತ್ತು ಬಿಟ್ರೆ ಈ ಕಡೆ ಮತ್ತೆ ಯಾವಾಗ ಬರ್ತೀನೋ ಗೊತ್ತಿಲ್ಲ ಸಾಮಿ" ಎಂದ. ಬೆಳಗಿನ ಹೊತ್ತು. ಹೂವೆಲ್ಲ ಅರಳಿತ್ತು. ತೋಟದ ತುಂಬ ನಿನ್ನ ಜೇನಿನ ಸದ್ದು. ಅವನನ್ನು ವಾಪಸು ಕಳಿಸಬಹುದಿತ್ತು — ಬೆಳೆ ಒಂದಿಷ್ಟು ಹೋಗುತ್ತಿತ್ತು, ಅಷ್ಟೇ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲು ನನಗೆ ಬಾಯಿಲ್ಲ. ಎಲ್ಲ ಗೊತ್ತಿದ್ದೇ ಹೇಳಿದೆ: "ಪ್ಯಾರು ಬರೋಷ್ಟರಲ್ಲಿ ಮುಗಿಸಿಬಿಡಪ್ಪ."

ಮಧ್ಯಾಹ್ನ ಬೇಲಿ ದಾಟಿ ನೋಡಿದೆ. ಪೆಟ್ಟಿಗೆಗಳ ಮುಂದೆ ನೆಲವೇ ಕಾಣದಷ್ಟು ಬಿದ್ದಿದ್ದವು. ಕೆಲವು ಇನ್ನೂ ರೆಕ್ಕೆ ನಡುಗಿಸುತ್ತ ಬಿದ್ದಲ್ಲೇ ಸುತ್ತುತ್ತಿದ್ದವು. ನಮ್ಮ ಮನೆಯಂಗಳವನ್ನು ಒಂದು ದಿನವೂ ಗುಡಿಸದವನು ಪೊರಕೆ ತಂದೆ. ಒಳಗೆ ಸತ್ತವನ್ನೂ ಕೊಡವಿ, ಎಲ್ಲವನ್ನೂ ಗುಡಿಸಿ, ನನ್ನ ತಿಪ್ಪೆಯಲ್ಲಿ ಮುಚ್ಚಿದೆ.

ಸಂಜೆ ನೀನು ಬಂದು ಮುಚ್ಚಳ ತೆಗೆದೆ. ಒಂದೊಂದೇ ಪೆಟ್ಟಿಗೆ ತೆಗೆದು ನೋಡಿದೆ.

"ಎಲ್ಲೋದ್ವು ಲೇ ಸೀನ?"

"ಹಾರೋದ್ವೇನೋ ಕಣೋ. ಈ ವರ್ಷ ಚಳೀನೇ ಬರ್ಲಿಲ್ವಲ್ಲ... ಕಾಲ ಕೆಟ್ಟೋಯ್ತು."

ನೀನು ಮುಚ್ಚಳಗಳನ್ನು ಒಂದೊಂದಾಗಿ ಮತ್ತೆ ಮುಚ್ಚಿದೆ. "ನಮ್ಮಮ್ಮಿ ಹೇಳೋರು — ಜೇನು ತಾನಾಗೇ ಬಿಟ್ಟೋದ ಜಾಗದಲ್ಲಿ ಬರಕತ್ತು ಇರಲ್ಲ ಅಂತ." ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ನಿನ್ನ ಭುಜದ ಮೇಲೆ ಕೈಯಿಟ್ಟು ಸಮಾಧಾನ ಹೇಳಿದೆ! ಆ ಸಮಾಧಾನಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆ ವರ್ಷ ನಿನ್ನ ತೋಟದಲ್ಲೂ ನನ್ನದರಲ್ಲೂ ಕಾಯಿ ಕಚ್ಚಲಿಲ್ಲ. ಮರು ವರ್ಷವೂ ಅಷ್ಟೇ. ಈ ನೆಲದ ಋಣ ತೀರಿತು ಎಂದುಕೊಂಡು ನೀನು ಮರಗಳನ್ನೆಲ್ಲ ಕಡಿಸಿ ನೀಲಗಿರಿ ಹಾಕಿದೆ. ನಿಮ್ಮಮ್ಮಿಯ ಮರವನ್ನೂ ಬಿಡಲಿಲ್ಲ. ಅದು ಉರುಳುವಾಗ ನಾನು ನಿನ್ನ ಪಕ್ಕದಲ್ಲೇ ಇದ್ದೆ. "ಇನ್ನು ಆವಕಾಯಿಗೆ ಕಾಯಿ ಎಲ್ಲಿಂದ ತರೋದು?" ಎಂದು ನನ್ನ ಹೆಂಡತಿ ಕಣ್ಣೀರು ಹಾಕಿದಳು. ಆ ಮರದಿಂದ ಯಾರೂ ಕಸಿ ಕಟ್ಟಿಟ್ಟಿರಲಿಲ್ಲ. ಹಲ್ಲು ಜುಂ ಎನ್ನುವ ಆ ಹುಳಿ ಈಗ ಯಾರ ತೋಟದಲ್ಲೂ ಇಲ್ಲ, ಪ್ಯಾರೂ.

ನಾನು ಕಾಲದ ಬಗ್ಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ನನ್ನನ್ನು ಇಷ್ಟು ದಿನ ಕಾಪಾಡಿತು. ಚಳಿ ತಪ್ಪಿದ್ದು ನಿಜ. ಚಳಿ ತಪ್ಪಿದ್ದಕ್ಕೇ ಜಿಗಿಹುಳು ಹೆಚ್ಚಿತು. ಆದರೆ ಜೇನಿದ್ದಿದ್ದರೆ ಅಂಥ ಕೆಟ್ಟ ವರ್ಷದಲ್ಲೂ ಮರ ನಾಲ್ಕು ಕಾಯಿ ಹಿಡಿದು ನಿಲ್ಲುತ್ತಿತ್ತು. ಕಾಲ ಒಂದು ಕಡೆಯಿಂದ ತಳ್ಳಿತು, ಊರುಗೋಲನ್ನು ನಾನು ಕಿತ್ತುಕೊಂಡೆ. ಆಮೇಲೆ ಪೂರ್ತಿ ಅಪರಾಧವನ್ನು ಮೋಡದ ಮೇಲೆ ಹೊರಿಸಿದೆ — ಮೋಡ ಬಂದು ಸಾಕ್ಷಿ ಹೇಳುವುದಿಲ್ಲವಲ್ಲ.

ಈಗೀಗ ಹಸಿರು ಮರಳಿದೆ. ನೀಲಗಿರಿಯ ಬೇರು ಕೀಳಿಸಿ ನೀನು ಮತ್ತೆ ಮಾವು ಇಟ್ಟೆ, ಬೇಲಿಗುಂಟ ಹೊಂಗೆ ಬೆಳೆಸಿದೆ. ಹೂವಿನ ಕಾಲದಲ್ಲಿ ನಾನು ಮಿಷನ್ನು ಕರೆಸುವುದನ್ನೇ ಬಿಟ್ಟೆ. ನೀನು ನನ್ನನ್ನು ಸೋಮಾರಿ ಎಂದು ಬೈದೆ, ಬೈಸಿಕೊಂಡೆ. ನನ್ನ ಹಳೇ ಬಾವಿಯ ಕಲ್ಲುಸಂದಿಯಲ್ಲಿ ಜೇನು ಕಟ್ಟಿದೆ. ಚಳಿ ಈಗಲೂ ನೆಟ್ಟಗೆ ಬರುವುದಿಲ್ಲ, ಆದರೂ ಕಾಯಿ ನಿಲ್ಲುತ್ತಿದೆ. ಅದನ್ನು ನೋಡುತ್ತ ನಿಂತರೆ ಹೊಟ್ಟೆ ತುಂಬಿದಂತಾಗುತ್ತದೆ.

ಮೊನ್ನೆ ಅದೇ ಖುಷಿಯಲ್ಲಿ ಕೇಳಿದೆ, ನೀನೂ ಮತ್ತೆ ಪೆಟ್ಟಿಗೆ ಇಡೋ ಎಂದು. ನೀನು ನಕ್ಕೆ. "ಬೇಡ ಬಿಡ್ಲಾ. ಒಂದ್ಸಲ ನನ್ನ ಬಿಟ್ಟೋದ್ವು. ನನ್ ಮನೇಲಿ ಏನ್ ಐಬು ಕಂಡ್ವೋ ಏನೋ. ಇನ್ನೊಂದ್ಸಲ ಹೋದ್ರೆ ತಡ್ಕೊಳಕ್ಕಾಗಲ್ಲ." ಇಷ್ಟು ವರ್ಷ ನೀನು ನಿನ್ನನ್ನೇ ಅನುಮಾನಿಸಿಕೊಂಡು ಬದುಕಿದ್ದೀಯ ಎಂದು ನನಗೆ ಆವತ್ತೇ ತಿಳಿದದ್ದು. ಅದಕ್ಕೇ, ಹೇಳುವಾಗ ಮಾತು ನುಂಗಿಕೊಳ್ಳದಿರಲಿ ಎಂದು ಮೊದಲು ಇದನ್ನು ಬರೆದೆ.

ನಾಳೆ ಟೀಗೆ ಹೋಗುವ ಮೊದಲು ನಿನ್ನೆದುರು ಕೂತು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀನು ನನ್ನ ಜೊತೆ ಬರುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟದ್ದು. ಕ್ಷಮಿಸು ಎಂದು ಕೇಳುವುದಿಲ್ಲ. ಒಂದು ಮಾತು ಮಾತ್ರ ನಿನಗೆ ಸೇರಬೇಕು. ನಾನು ಗುಡಿಸಿದ ಹುಳುಗಳ ಕಾಲಲ್ಲಿ ಹೂವಿನ ಹಳದಿ ಪುಡಿ ಹಾಗೇ ಇತ್ತು. ಮೈಮೇಲೆ ವಿಷ ಬಿದ್ದ ಮೇಲೂ ಅವು ಬೇಲಿ ದಾಟಿ, ಹೊತ್ತದ್ದನ್ನು ಹೊತ್ತುಕೊಂಡೇ, ನಿನ್ನ ಮನೆಗೆ ಬಂದು ಸತ್ತಿದ್ದವು.