ಟೋಲ್ ಗೇಟಿನಲ್ಲಿ ಅಪ್ಪನ ಆಧಾರ್

ಹುಬ್ಬಳ್ಳಿ-ಧಾರವಾಡ ಬೈಪಾಸಿನ ಟೋಲ್ ಗೇಟಿನಲ್ಲಿ ನಾನು ಕೆಲಸಕ್ಕಿದ್ದೆ. ನೆಲ ಸರಕಾರದ್ದು, ರಸ್ತೆ ಕಟ್ಟಿದ್ದು ಕಂಪನಿ. ಕರಾರು ಮುಗಿಯುವವರೆಗೆ ಟೋಲು ಕಂಪನಿಗೆ, ಆಮೇಲೆ ರಸ್ತೆ ಸರಕಾರಕ್ಕೆ. ಈ ಪಾಲುದಾರಿಕೆಯಿಂದ ಯಾರಿಗೆ ಲಾಭವಾಯಿತೋ ಗೊತ್ತಿಲ್ಲ, ನಮ್ಮಪ್ಪನಿಗಂತೂ ಆಗಿತ್ತು. "ಮಗಳು ಏನ್ ಮಾಡ್ತಾಳ್ರಿ?" ಎಂದು ಕೇಳಿದವರಿಗೆಲ್ಲ "ಸರಕಾರದ ರೋಡಿನ ಕೆಲಸದಾಗ ಅದಾಳ್ರಿ" ಎನ್ನುತ್ತಿದ್ದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಆ ಮಾತು ನಂಬಿಯೇ ಶಿರಗುಪ್ಪಿಯ ಹತ್ತಿ ವ್ಯಾಪಾರಿಯೊಬ್ಬರ ಮನೆಯಿಂದ ಸಂಬಂಧ ಬಂತು. ಸರಕಾರಿ ನೌಕರಿಯ ಸೊಸೆಯೇ ಬೇಕೆಂದು ಹುಡುಗನ ತಂದೆಯ ಹಟ. ಅವರಿನ್ನೂ ನನ್ನನ್ನು ನೋಡಿರಲಿಲ್ಲ. ಹುಡುಗನ ಫೋಟೋವನ್ನು ಮೊಬೈಲಿನಲ್ಲಿ ನಾನು ಎಷ್ಟು ಸಲ ತೆಗೆದು ನೋಡಿದೆನೋ, ಹೇಳಲು ನಾಚಿಕೆ.

ಒಂದು ಮಧ್ಯಾಹ್ನ, ಫಾಸ್ಟ್ಯಾಗ್ ಖಾಲಿಯಾದ ಕಾರೊಂದು ನನ್ನ ಕಿಟಕಿಯ ಮುಂದೆ ನಿಂತಿತು. ಧೂಳಿಗೆಂದು ನಾನು ಮಾಸ್ಕ್ ಹಾಕಿದ್ದೆ. ಗಾಡಿ ನಡೆಸುತ್ತಿದ್ದ ಹಿರಿಯರು "ಲೋಕಲ್ ಅದೀವ್ರಿ, ಲಗೂ ಬಿಡ್ರಿ" ಎಂದರು. ಬೀದರಿನವರೂ ನಮ್ಮ ಗೇಟಿಗೆ ಬಂದೊಡನೆ ಲೋಕಲ್ಲೇ! ಗಾಡಿಯಲ್ಲಿ ಪಕ್ಕದ ಹಳ್ಳಿಯವರೊಬ್ಬರಿದ್ದರೂ ಟೋಲಿಲ್ಲದೆ ಬಿಡುವುದು ರೂಢಿ, ಆದರೆ ಆಧಾರ್ ನೋಡಬೇಕು. ತಲೆ ಎತ್ತದೆ ಕೇಳಿದೆ.

"ಬೀಗರ, ನಿಮ್ಮ ಊರು ಇಲ್ಲೇ ಐತಲ್ಲ? ತೋರಿಸ್ರಿ" ಎಂದು ಅವರು ಪಕ್ಕಕ್ಕೆ ತಿರುಗಿದರು.

ಪಕ್ಕದ ಸೀಟಿನಲ್ಲಿ ಅಪ್ಪ ಕೂತಿದ್ದ. ಅಂದರೆ ಸ್ಟೀರಿಂಗ್ ಹಿಡಿದವರು ಶಿರಗುಪ್ಪಿಯ ಹುಡುಗನ ತಂದೆ. ನನ್ನ ದನಿ ಕೇಳಿಯೇ ಅವನ ಮುಖ ಬಿಳಿಚಿಕೊಂಡಿತ್ತು. ನನ್ನ ಕಡೆ ನೋಡಲಿಲ್ಲ. ಕಿಸೆಯಿಂದ ಆಧಾರ್ ತೆಗೆದು ಬೀಗರ ಕೈಗಿಟ್ಟ, ಅವರು ನನಗೆ ಚಾಚಿದರು. ನಮ್ಮ ಮನೆ ನಂಬರು, ನಮ್ಮ ಓಣಿ, ನಮ್ಮೂರು. ಬೆಳಿಗ್ಗೆ ನಾನೇ ಅಂಗಳ ಗುಡಿಸಿ ಬಂದ ಮನೆ. ಅಲ್ಲಿಯವನು ತಾನೆಂದು ಅಪ್ಪ ನನಗೆ ಪುರಾವೆ ಕೊಡುತ್ತಿದ್ದ.

ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡೆ. "ಆತ್ರಿ ಕಾಕಾ, ಹೋಗ್ರಿ" ಎಂದು ಅಪ್ಪನಿಗೇ ಹೇಳಿ ಗೇಟು ಎತ್ತಿದೆ.

"ಈ ಕಂಪನಿ ಹುಡುಗ್ಯಾರ ಸೊಕ್ಕು ನೋಡ್ರಿ" ಎಂದು ಹಿರಿಯರು ನಗುತ್ತ ಗೇರು ಹಾಕಿದರು. ಅಪ್ಪ ಹೌದೆಂಬಂತೆ ತಲೆಯಾಡಿಸಿದ.

ಹಿಂದಿನ ಲಾರಿ ಹಾರ್ನ್ ಹೊಡೆಯತೊಡಗಿತು. ನಾನು ಕೂತಲ್ಲೇ ಹಿಡಿಯಾಗಿಬಿಟ್ಟಿದ್ದೆ. ನನ್ನ ಕೆಲಸ ಹೇಳಿಕೊಳ್ಳಲು ಅಪ್ಪನಿಗೆ ನಾಚಿಕೆ ಎಂದು ಮನೆಯಲ್ಲಿ ಎಷ್ಟು ಜಗಳ ತೆಗೆದಿದ್ದೆ! ಅವತ್ತು ಗಾಡಿಯಲ್ಲಿ ಅಪ್ಪ ತಲೆಯಾಡಿಸಿದ್ದನಷ್ಟೆ. ಕಾಕಾ ಎಂದವಳು ನಾನು.