ಹನುಮಸಾಗರಕ್ಕೆ ವರ್ಗವಾದ ಇಂಗ್ಲಿಷ್ ಮಾಸ್ತರು

ಇಂಗ್ಲಿಷ್ ವಾಕ್ಯಗಳ ಮೇಲೆ ದಂಡೆತ್ತಿ ಹೋಗಿ ಗೆದ್ದು ಬಂದ ವೀರನೊಬ್ಬ ಸಿದ್ದಾಪುರದ ಹೈಸ್ಕೂಲಿನಲ್ಲಿದ್ದ. ಹೆಸರು ರಾಮಾಂಜನೇಯ, ವಯಸ್ಸು ನಲವತ್ತಾರು, ಆಯುಧ ಅರ್ಧ ತುಂಡು ಸೀಮೆಸುಣ್ಣ. ವ್ಯಾಕರಣ ಎಂದರೆ ಮುಖ ಬಾಡಿಸುವ ಮಕ್ಕಳನ್ನು ಕಿಟಕಿಗೆ ಕರೆದು ಭತ್ತದ ಗದ್ದೆ ತೋರಿಸುತ್ತಿದ್ದ.

“ಒಂದ ಟ್ರ್ಯಾಕ್ಟರ್ ತನ್ನಷ್ಟಕ್ಕ ತಾನ ಹೊಂಟೈತಿ. ಅದು ಸಿಂಪಲ್ ಸೆಂಟೆನ್ಸ್. ಎರಡು ಟ್ರ್ಯಾಕ್ಟರಿಗೆ ಸರಪಳಿ ಹಾಕಿದ್ರ ಕಾಂಪೌಂಡ್. ಬಿಚ್ಚಿದ್ರೂ ಎರಡೂ ಓಡ್ತಾವ. ಟ್ರ್ಯಾಕ್ಟರ್ ಹಿಂದ ಟ್ರೇಲರ್ ಕಟ್ಟಿದ್ರ ಕಾಂಪ್ಲೆಕ್ಸ್. ಟ್ರೇಲರ್ ಬಿಚ್ಚಿದ್ರ?”

“ಅಲ್ಲೇ ನಿಂದರತೈತ್ರಿ ಸರ!”

“ಹಾಂ! ಕೆಸರಾಗ ಸಿಕ್ಕ ಟ್ರೇಲರನ್ನ ಎರಡು ಟ್ರ್ಯಾಕ್ಟರ್ ಕೂಡಿ ಎಳದ್ರ ಕಾಂಪೌಂಡ್-ಕಾಂಪ್ಲೆಕ್ಸ್. ಅದನ್ನ ವರ್ಷಾವರ್ಷ ಸುಗ್ಗ್ಯಾಗ ನೋಡೀರಿ, ಅಂಜಬ್ಯಾಡ್ರಿ.”

ಹೀಗೆ ಹದಿನಾಲ್ಕು ವರ್ಷ ಆಳಿದ. ಆದರೆ ಈ ಚಕ್ರವರ್ತಿಯ ಸಿಂಹಾಸನಕ್ಕೆ ಕಾಲೇ ಇರಲಿಲ್ಲ. ಅವನು ಅತಿಥಿ ಶಿಕ್ಷಕ. ಪ್ರತಿ ಜೂನಿನಲ್ಲಿ ಹೊಸ ಅರ್ಜಿ. ಕಾಯಂ ಶಿಕ್ಷಕರು ಬಂದ ದಿನವೇ ಜಾಗ ಖಾಲಿ. ಊರಿಗೆ ಇದು ಗೊತ್ತಿರಲಿಲ್ಲ. ಮೊದಲ ವರ್ಷ ಯಾರೋ “ಪರ್ಮನೆಂಟ್ ಏನ್ರಿ ಸರ?” ಎಂದಾಗ ಹೂಂ ಎಂದುಬಿಟ್ಟಿದ್ದ. ಆ ಒಂದು ಹೂಂ ಸಾಕುವುದರಲ್ಲೇ ಯೌವನ ಕಳೆಯಿತು. ಹೆಣ್ಣಿನ ಕಡೆಯವರು ಆದೇಶದ ಕಾಗದ ಕೇಳುತ್ತಾರೆಂದು ಮದುವೆಯ ಮಾತನ್ನೇ ಎತ್ತಗೊಡಲಿಲ್ಲ.

ಈ ಜೂನಿನಲ್ಲಿ ಕಾಯಂ ಆದೇಶ ಹಿಡಿದು ಬಂದವಳು ಸುಮಂಗಲಾ, ಅದೇ ಊರಿನವಳು, ಅವನದೇ ಹಳೆಯ ವಿದ್ಯಾರ್ಥಿನಿ. ಊರು ಆರಿಸಿಕೊಳ್ಳುವ ಕೌನ್ಸೆಲಿಂಗಿನಲ್ಲಿ ಸಿದ್ದಾಪುರದ ಹೆಸರು ಕಂಡದ್ದೇ ಹಿಂದೆಮುಂದೆ ನೋಡದೆ ಹಿಡಿದಿದ್ದಳು.

“ನಿಮ್ಮ ಜೋಡಿ ಕೆಲಸ ಮಾಡಬೇಕಂತ ಬಂದೀನ್ರಿ ಸರ. ಇಂಗ್ಲಿಷಿಗೆ ಎರಡನೇ ಪೋಸ್ಟ್ ಕೊಟ್ಟಾರ ಅನ್ಕೊಂಡೆ.”

“ಭಾಳ ಛಲೋ ಮಾಡಿದಿ ಯವ್ವಾ.”

ಹೆಡ್‌ಮಾಸ್ತರರು ತಲೆ ತಗ್ಗಿಸಿ ಅವನ ಬಿಡುಗಡೆ ಪತ್ರಕ್ಕೆ ಸೀಲು ಹೊಡೆಯುತ್ತಿದ್ದರು. ಸುಮಂಗಲಾ ಅದನ್ನು ಓದಿದಳು.

“ನಾ ಬ್ಯಾರೆ ಊರು ಕೇಳ್ತೀನ್ರಿ ಸರ.”

“ಈಗ ಕೇಳಿದ್ರ ಯಾರ್ ಕೊಡ್ತಾರ? ನನಗೊಂದ ಉಪಕಾರ ಮಾಡು. ಊರಾಗ ಯಾರ ಮುಂದೂ ಹೇಳಬ್ಯಾಡ.”

ತನಗೆ ವರ್ಗವಾಗಿದೆ ಎಂದು ಅವನೇ ಊರಿಗೆ ಸುದ್ದಿ ಕೊಟ್ಟ. ಯಾವ ಊರಿಗೆಂದು ಹಿರಿಯರಾದ ದೊಡ್ಡಬಸಪ್ಪ ಕೇಳಿದಾಗ, ಆದಷ್ಟು ದೂರ ಇರಲೆಂದು ಹನುಮಸಾಗರ ಎಂದ.

ಶನಿವಾರ ಭಾರಿ ಬೀಳ್ಕೊಡುಗೆ. ಇಲ್ಲದ ವರ್ಗಾವಣೆಗೆ ಶಾಲು, ಹಾರ, ಪೇಟ. ಸುಮಂಗಲಾ ಇಂಗ್ಲಿಷಿನಲ್ಲಿ ಮಾತಿಗೆ ನಿಂತಳು. ‘ನಮ್ಮ ಸರ್ ಇಲ್ಲದಿದ್ದರೆ’ ಎಂದವಳು ಮೈಕು ಹಿಡಿದೇ ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ಮುಖ್ಯ ವಾಕ್ಯ ಬರಲೇ ಇಲ್ಲ. ಭಾಷಣ ಮುಗಿಯಿತೆಂದು ಊರವರು ಚಪ್ಪಾಳೆ ತಟ್ಟಿದರು. ಹತ್ತನೇ ತರಗತಿಯ ಮಕ್ಕಳು ಮಾತ್ರ ಕೈ ತಟ್ಟದೆ ಕಾದರು. ಅಲ್ಲಿಗೆ ವಾಕ್ಯ ಪೂರ್ತಿಯಾಗುವುದಿಲ್ಲವೆಂದು ಅವನೇ ಅವರಿಗೆ ಕಲಿಸಿದ್ದ.

ದೊಡ್ಡಬಸಪ್ಪ ಮೈಕು ಕಸಿದುಕೊಂಡರು. “ಹನುಮಸಾಗರದಾಗ ನಮ್ಮ ಬೀಗರು ಅದಾರ್ರಿ ಸರ. ಫೋನ್ ಮಾಡೀನಿ. ನಿಮಗ ಮನೀನೂ ನೋಡ್ಯಾರ. ನಾಳೆ ಬಸ್‌ಸ್ಟ್ಯಾಂಡಿಗೇ ಬಂದು ಕರಕೊಂಡು ಹೋಗ್ತಾರ!”

ಮರುದಿನ ಊರಿಗೆ ಊರೇ ನಿಂತು ಅವನನ್ನು ಬಸ್ಸು ಹತ್ತಿಸಿತು. ಗಂಗಾವತಿಯಲ್ಲಿ ಟ್ರಂಕು ಇಳಿಸಿಕೊಂಡು ಕಟ್ಟೆಯ ಮೇಲೆ ಕೂತ. ಹಿಂದಕ್ಕೆ ಹೋಗುವ ಹಾಗಿಲ್ಲ. ಮುಂದೆ ಹೋಗಲು ಊರಿಲ್ಲ. ಹನುಮಸಾಗರದ ದಾರಿಯ ಕುಷ್ಟಗಿ ಬಸ್ಸು ಬಂತು, ತುಂಬಿತು, ಹೋಯಿತು. ಫೋನು ರಿಂಗಾಯಿತು.

“ನಮಸ್ಕಾರ್ರಿ ಸರ, ದೊಡ್ಡಬಸಪ್ಪನ ಬೀಗ ಕೊಟ್ರೇಶ ಮಾತಾಡೂದು. ಎಲ್ಲಿ ಬಂದ್ರಿ? ಅಡಗಿ ಆಗೈತಿ. ಹೊಸ ಮಾಸ್ತರು ಬರ್ತಾರಂತ ನಮ್ಮ ಮೊಮ್ಮಕ್ಕಳು ಬಾಗಲದಾಗ ನಿಂತಾವ.”

ಸಾವಿರ ವಾಕ್ಯಗಳನ್ನು ಗೆದ್ದವನು ತೀರ ಚಿಕ್ಕದೊಂದನ್ನು ಆರಿಸಿಕೊಂಡ. “ಬಸ್ ತಡ ಐತ್ರಿ,” ಎಂದ. “ಮಕ್ಕಳಿಗೆ ಉಣ್ಣಾಕ ಹಾಕಿಬಿಡ್ರಿ.”