ಚೀನಾ ನೂಲು ಬಂತು, ನಮ್ಮ ಗೂಡುಗಳನ್ನು ಚಿಟ್ಟೆ ಕೊರೆಯಿತು

ನಾನು ಶಾಲೆಯಲ್ಲಿದ್ದಾಗ ಅಗ್ಗದ ಚೀನಾ ರೇಷ್ಮೆಗೆ ಬಾಗಿಲು ತೆರೆದು ರಾಮನಗರದ ಒಲೆಗಳನ್ನು ಆರಿಸಿದರು. ಇಂದು ಗೋಡೆಯ ಮೇಲೊಂದು ಬಿಳಿ ಚಿಟ್ಟೆ ಕಂಡು ಅದೆಲ್ಲ ನೆನಪಾಯಿತು.

ಅಪ್ಪ ರೇಷ್ಮೆಗೂಡು ಬೇಯಿಸಿ ಚರಕದಲ್ಲಿ ನೂಲು ತೆಗೆಯುತ್ತಿದ್ದರು. ಒಂದು ದಿನ ನೂಲು ಕೊಳ್ಳುವ ವ್ಯಾಪಾರಿ ಅದನ್ನು ಮುಟ್ಟಲೂ ಇಲ್ಲ.

“ಚೀನಾದೋರು ಮಿಷಿನ್ನಾಗೆ ಒಂದೇ ಸಮ ಎಳೀತಾರೆ ಕಣಣ್ಣ. ನಿನ್ ಗಂಟುನೂಲು ಯಾರಿಗ್ ಬೇಕು?” ಎಂದ.

ಮನೆಯಲ್ಲಿ ಹೊಸ ಗೂಡಿನ ರಾಶಿಯಿತ್ತು. ಅಪ್ಪ ಒಲೆ ಹಚ್ಚಲಿಲ್ಲ.

“ಚಿಟ್ಟೆ ಕೊರ್ಕಂಡ್ ಈಚೆಗ್ ಬಂದ್ರೆ ನೂಲೇ ಹಾಳು, ಬೇಯ್ಸಿ ಅಂದ್ರೆ!” ಅಮ್ಮ ಗೋಗರೆದಳು.

“ಬೇಯ್ಸಿ ಯಾರ್ ತಲೆಗ್ ಕಟ್ಲಿ? ಸುಮ್ಕಿರೇ.”

ಕೆಲವೇ ದಿನಗಳಲ್ಲಿ ಗೋಡೆ ತುಂಬ ಚಿಟ್ಟೆಗಳು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ನಾನು ಚಿಟ್ಟೆಯನ್ನೇ ಕಂಡಿರಲಿಲ್ಲ. ಅಪ್ಪ ಮತ್ತೆಂದೂ ಆ ಒಲೆ ಹಚ್ಚಲಿಲ್ಲ.

ನೂಲು ತೆಗೆಯುವವರನ್ನು ಒಂದು ಮಾತೂ ಕೇಳದೆ ಬಾಗಿಲು ತೆರೆದವರು ಯಾರು? ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ನಿಂತು, ಎಲ್ಲರೆದುರು ಹೇಳಿ.